ಮಕೆರೆತಾ ಕೊಡದ ಒಂದೇ ವಸ್ತು

ವುನೀವಿ ಊರಿನಲ್ಲಿ ಮಕೆರೆತಾಳ ಮನೆಗೂ ಒಂದು ಬಾಗಿಲಿತ್ತು. ಆದರೆ ಅದು ಹಾಕಿದ್ದನ್ನು ನೋಡಿದವರು ಕಡಿಮೆ. ಚಂಡಮಾರುತ ಬಂದ ದಿನ ಮಾತ್ರ ಹಾಕುತ್ತಿದ್ದಳು, ಆಗಲೂ ಒಳಗೆ ಅರ್ಧ ಊರೇ ಸೇರಿರುತ್ತಿತ್ತು. ಉಳಿದ ದಿನಗಳಲ್ಲಿ ಯಾರು ಬೇಕಾದರೂ ಒಳಗೆ ಬಂದು, ಚಾಪೆಯ ಮೇಲೆ ಕಾಲು ಮಡಚಿ ಕೂತು, ಅದೂ ಇದೂ ಮಾತಾಡಿ, ಕೊನೆಗೆ ತಗ್ಗಿದ ದನಿಯಲ್ಲಿ "ಕೆರೆಕೆರೆ" ಅಂದರೆ ಮುಗಿಯಿತು. ಸಕ್ಕರೆ ಕೇಳಿದರೆ ಸಕ್ಕರೆ, ಸೀಮೆಎಣ್ಣೆ ಕೇಳಿದರೆ ಸೀಮೆಎಣ್ಣೆ, ಮೊನ್ನೆ ತಾನೆ ಹೊಲಿಸಿದ ಅಂಗಿ ಕೇಳಿದರೆ ಅದೂ. ಕೆರೆಕೆರೆ ಎಂದು ಕೇಳಿದ ನಂಟರಿಗೆ ಇಲ್ಲ ಎನ್ನುವುದು ರೇವಾ ನದಿಯ ದಂಡೆಯಲ್ಲಿ ಯಾರಿಗೂ ಬಾರದ ವಿದ್ಯೆ. ಕೇಳಿದವರು ನಾಚುವುದಿಲ್ಲ, ಕೊಟ್ಟವರು ಹೇಳಿಕೊಂಡು ತಿರುಗುವುದಿಲ್ಲ. ಇವತ್ತು ನನ್ನದು ನಿನಗೆ, ನಾಳೆ ನಿನ್ನದು ನನಗೆ.

ಊರಿಗೆಲ್ಲ ಇರುವ ಈ ಗುಣ ಮಕೆರೆತಾಳಲ್ಲಿ ಒಂದು ಕೈ ಹೆಚ್ಚೇ ಇತ್ತು. ಮಗಳ ಮದುವೆಗೆಂದು ವರ್ಷವಿಡೀ ಹೆಣೆದಿಟ್ಟ ದೊಡ್ಡ ಚಾಪೆಯನ್ನು ಮದುವೆಯ ಹಿಂದಿನ ವಾರ ಯಾರದೋ ಸಾವಿನ ಮನೆಗೆ ಕೊಟ್ಟುಬಿಟ್ಟಿದ್ದಳು. ಮಗಳು ಊನೈಸಿ ಮೂಲೆಯಲ್ಲಿ ಕೂತು ಅತ್ತಾಗ, "ಅಳ್ಬೇಡ ಕಣೇ. ಮದ್ವೆನ ಮುಂದಕ್ಕೆ ಹಾಕ್ಬೋದು, ಹೆಣನ ಮುಂದಕ್ಕೆ ಹಾಕೋಕಾಗತ್ತಾ?" ಎಂದಿದ್ದಳು.

ನದಿಯಲ್ಲಿ ಮುಳುಗಿ ಕಪ್ಪೆಚಿಪ್ಪು ತೆಗೆಯುವುದು ಅವಳ ಕೆಲಸ. ಆ ದಂಡೆಯ ಹೆಂಗಸರೆಲ್ಲ ಮಾಡುವುದೇ ಅದು. ಎದೆಮಟ್ಟದ ನೀರಿನಲ್ಲಿ ನಿಂತು ಕಾಲಿನ ಬೆರಳುಗಳಿಂದ ಕೆಸರನ್ನು ತಡಕುತ್ತಾರೆ. ಗಟ್ಟಿ ಸಿಕ್ಕಿದ ಕಡೆ ಉಸಿರು ಕಟ್ಟಿ ಮುಳುಗುತ್ತಾರೆ. ಮೇಲೆ ಬಂದು ಸೊಂಟಕ್ಕೆ ಕಟ್ಟಿದ ತೇಲುವ ಬುಟ್ಟಿಗೆ ಎಸೆಯುತ್ತಾರೆ. ಮೇಲೆ ಇರುವಷ್ಟು ಹೊತ್ತೂ ಬಾಯಿ ನಡೆಯುತ್ತಿರುತ್ತದೆ. ಯಾರ ಗಂಡ ಯಂಗೋನಾ ಬೇರಿನ ಮತ್ತಿನ ಕಷಾಯ ಕುಡಿದು ಯಾರ ಮನೆಯ ಚಾಪೆಯಲ್ಲಿ ಮಲಗಿದ, ಪಾದ್ರಿಯ ಹೆಂಡತಿ ಯಾಕೆ ಹೊಸ ಟೋಪಿ ಹಾಕಿದ್ದಾಳೆ, ಎಲ್ಲ ಸುದ್ದಿಯೂ ನದಿಯಲ್ಲೇ ಒದ್ದೆಯಾಗಿ ಆಮೇಲೆ ಊರಲ್ಲಿ ಒಣಗುವುದು. ಹದಿಹರೆಯದ ಹುಡುಗಿಯರಿಗಿಂತ ಹೆಚ್ಚು ಹೊತ್ತು ನೀರಿನಡಿ ಇರಬಲ್ಲೆ ಎಂಬ ಹೆಮ್ಮೆ ಮಕೆರೆತಾಳಿಗೆ, ಮೊಮ್ಮಗಳನ್ನು ಎತ್ತಿಕೊಂಡ ಮೇಲೂ ಇತ್ತು.

ಆ ಹೆಮ್ಮೆಯೇ ಅವಳಿಗೆ ಕೆಲವು ತಿಂಗಳು ಮೋಸ ಮಾಡಿತು. ಮುಳುಗಿ ಎದ್ದಾಗ ಎದೆಯ ನಡುವೆ ಯಾರೋ ಮಂಡಿಯೂರಿ ಕೂತ ಹಾಗೆ ಭಾರ. ಎಡದವಡೆಯವರೆಗೆ ನೋವು. ಉಸಿರು ಜಾಸ್ತಿ ಹಿಡಿದೆನೇನೋ ಎಂದುಕೊಂಡಳು. ಬುಟ್ಟಿಯ ಅಂಚು ಹಿಡಿದು ನಿಂತರೆ ಹೋಗುತ್ತಿತ್ತು, ಹಾಗಾಗಿ ನಿಲ್ಲುತ್ತಿದ್ದಳು. ಒಂದು ದಿನ ನಿಂತರೂ ಹೋಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸರು ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿದ್ದು ನೋಡಿ, ಬುಟ್ಟಿಯ ಸಮೇತ ದಡಕ್ಕೆ ಎಳೆದು ತಂದರು. ಅವಳ ಗಂಡನೂ ಹೀಗೆಯೇ, ಕೆಸುವಿನ ಗದ್ದೆಯಲ್ಲಿ, ಗುದ್ದಲಿ ಹಿಡಿದುಕೊಂಡೇ ಕುಸಿದು ಹೋದವನು. ಅವನನ್ನು ಎಲ್ಲಿಗಾದರೂ ಎಳೆದುಕೊಂಡು ಹೋಗಲಿಕ್ಕೆ ಯಾರಿಗೂ ಹೊತ್ತು ಸಿಕ್ಕಿರಲಿಲ್ಲ. ಆದ್ದರಿಂದ ಈ ಸಲ ಯಾರೂ ಎಲೆಯ ರಸ, ಎಣ್ಣೆ ತಿಕ್ಕುವುದು ಎಂದು ಮಾತಾಡಲಿಲ್ಲ. ಸಿಕ್ಕಿದ ವ್ಯಾನಿಗೆ ಹಾಕಿ ನೇರ ಸುವಾ ನಗರದ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಊನೈಸಿ ಸುವಾದಲ್ಲೇ ಪ್ರಾಥಮಿಕ ಶಾಲೆಯ ಟೀಚರ್. ಕಂಕುಳಲ್ಲಿ ಮಗು, ಹೆಗಲಲ್ಲಿ ಚೀಲ, ಕಣ್ಣಲ್ಲಿ ನೀರು ಹೊತ್ತುಕೊಂಡು ಅಮ್ಮನಿಗಿಂತ ಮೊದಲೇ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದಳು. ಡಾಕ್ಟರ್ ಉರ್ಮಿಳಾ ಚಂದ್ ಹಾಳೆಯ ಮೇಲೆ ಹೃದಯದ ಚಿತ್ರ ಬರೆದು, ಅದರ ಮೈಮೇಲೆ ಹರಡಿದ ರಕ್ತನಾಳಗಳನ್ನು ತೋರಿಸಿ, ಒಂದು ಕಡೆ ಪೆನ್ನಿನಿಂದ ಒತ್ತಿ ಒತ್ತಿ ಕಪ್ಪು ಮಾಡಿದರು.

"ಇಲ್ಲಿ ಕೊಬ್ಬು ಕಟ್ಟಿಕೊಂಡಿದೆ ಅಮ್ಮಾ. ನೂಲಿನಷ್ಟು ಸಂದಿ ಬಿಟ್ಟಿದೆ, ಅದರಲ್ಲೇ ರಕ್ತ ಹೋಗ್ತಿದೆ. ಆ ನೂಲೂ ಮುಚ್ಚಿಹೋದ್ರೆ ಹೃದಯದ ಆ ಭಾಗ ಸತ್ತುಹೋಗತ್ತೆ. ಮಣಿಕಟ್ಟಿನಿಂದ ಸಣ್ಣ ಕೊಳವೆ ಬಿಟ್ಟು, ಅಲ್ಲಿಗೆ ಬಲೂನು ಕಳಿಸಿ, ಊದಿ ಅಗಲ ಮಾಡ್ತೀವಿ. ಮತ್ತೆ ಮುಚ್ಚದೆ ಇರ್ಲಿ ಅಂತ ಒಂದು ಸ್ಟೆಂಟ್ ಇಟ್ಟುಬರ್ತೀವಿ."

"ಎದೆ ಕೊಯ್ಯಲ್ವಾ?"

"ಇಲ್ಲಮ್ಮಾ. ನಿದ್ದೆನೂ ಮಾಡಿಸಲ್ಲ. ನೀವು ನಮ್ಮ ಜೊತೆ ಮಾತಾಡ್ತಾ ಇರ್ಬೋದು."

"ಮಾತಾಡೋದಾದ್ರೆ ಸರಿ," ಎಂದಳು ಮಕೆರೆತಾ. "ಅದು ನಂಗೆ ಬರತ್ತೆ."

ಊನೈಸಿಗೆ ಮಾತ್ರ ಯಾವುದೂ ಸರಿಯಾಗಿರಲಿಲ್ಲ. ಬಲೂನು ಒಡೆದರೆ? ಕೊಳವೆ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡರೆ? ಅಮ್ಮ ಕೆಮ್ಮಿಬಿಟ್ಟರೆ? ಡಾಕ್ಟರು ಒಂದೊಂದಕ್ಕೂ ಬೇಸರವಿಲ್ಲದೆ ಉತ್ತರ ಕೊಟ್ಟರು. ಕೊನೆಗೆ ಮಕೆರೆತಾಳೇ, "ನಿನ್ನ ಹೆರೋವಾಗ ನಾನು ಇಷ್ಟು ಪ್ರಶ್ನೆ ಕೇಳಿರ್ಲಿಲ್ಲ, ಸುಮ್ನಿರೇ," ಎಂದು ಮೊಮ್ಮಗಳ ಕೆನ್ನೆ ಮೂಸಿ ಒಳಗೆ ಹೋದಳು.

ಒಳಗೆ ಕೋಣೆ ತಣ್ಣಗೆ ಕೊರೆಯುತ್ತಿತ್ತು. ಮೇಲೆ ದೊಡ್ಡ ಯಂತ್ರವೊಂದು ಅವಳ ಎದೆಯ ಸುತ್ತ ಬಾಗಿ ಬಾಗಿ ನೋಡುತ್ತಿತ್ತು, ಹೊಸ ಸೊಸೆಯನ್ನು ನೋಡಲು ಬಂದ ಅತ್ತೆಯ ಹಾಗೆ. ಮಣಿಕಟ್ಟಿಗೆ ಸೂಜಿ ಚುಚ್ಚಿ ಮರಗಟ್ಟಿಸಿದರು. ಆಮೇಲೆ ತೋಳಿನೊಳಗೆ ಏನೋ ಹರಿದು ಹೋದಂತಾಯಿತೇ ಹೊರತು ನೋವಿರಲಿಲ್ಲ. ಬಣ್ಣದ ಔಷಧ ಬಿಟ್ಟಾಗ ಮೈಯೆಲ್ಲ ಬಿಸಿಯಾಯಿತು. ಪಕ್ಕದ ಪರದೆಯ ಮೇಲೆ ಕಪ್ಪು ಕವಲುಗಳು ಮೂಡಿ ಮೂಡಿ ಮಾಯವಾದವು. ಮಕೆರೆತಾ ಕತ್ತು ಹೊರಳಿಸಿ ನೋಡಿದಳು. ನದಿಯನ್ನು ಮೇಲಿಂದ ನೋಡಿದ ಹಾಗಿತ್ತು, ಉಪನದಿ, ಹಳ್ಳ, ತೊರೆ. ಒಂದು ಕಡೆ ಮಾತ್ರ ಹರಿವು ಸಣ್ಣಗಾಗಿ, ಕತ್ತು ಹಿಸುಕಿದಂತೆ ಇತ್ತು.

"ಅಲ್ಲೇ ಅಲ್ವಾ ಡಾಕ್ಟ್ರೇ? ಆ ಸೊಟ್ಟ ಜಾಗ?"

"ಅಲ್ಲೇ. ಈಗ ಬಲೂನು ಊದ್ತೀವಿ. ಸ್ವಲ್ಪ ಹೊತ್ತು ಅದೇ ನೋವು ಬರತ್ತೆ, ಹೆದರ್ಬೇಡಿ."

ಬಂತು. ಅದೇ ಮಂಡಿ, ಅದೇ ಭಾರ. ನೀರಿನಡಿಯಲ್ಲಿ ಇದ್ದೇನೆ, ಇನ್ನು ಸ್ವಲ್ಪ, ಮೇಲೆ ಬೆಳಕಿದೆ ಎಂದುಕೊಂಡು ಹಲ್ಲು ಕಚ್ಚಿದಳು. ಭಾರ ಇಳಿಯಿತು. ಡಾಕ್ಟರು ಮತ್ತೆ ಬಣ್ಣ ಬಿಟ್ಟಾಗ ಆ ಸೊಟ್ಟ ಜಾಗದಲ್ಲಿ ಕಪ್ಪು ಹೊಳೆ ತುಂಬಿಕೊಂಡು, ಸರಾಗವಾಗಿ, ತುದಿಯ ಸಣ್ಣ ತೊರೆಗಳವರೆಗೂ ಓಡಿತು. ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು.

ಮರುದಿನ ಡಾಕ್ಟರು ಮಾದರಿಗೆಂದು ಇಟ್ಟುಕೊಂಡಿದ್ದ ಸ್ಟೆಂಟನ್ನು ಅವಳ ಅಂಗೈಯಲ್ಲಿ ಇಟ್ಟರು. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ, ತಂತಿಯ ಜಾಲರಿ. ಮಕೆರೆತಾ ಅದನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿದಳು. "ಮೀನು ಹಿಡಿಯೋ ಕೂಳಿ ಬುಟ್ಟಿಯ ಮರಿ ಇದ್ದಂಗಿದೆ. ಯಾರು ಹೆಣೀತಾರೆ ಇದನ್ನ?"

"ಯಂತ್ರ ಅಮ್ಮಾ."

"ಪರವಾಗಿಲ್ಲ, ಹೆಣಿಗೆ ಚೆನ್ನಾಗಿದೆ."

ಡಾಕ್ಟರ ನಗು ಅಲ್ಲಿಗೆ ನಿಂತಿತು. ಎರಡು ಬಗೆಯ ಮಾತ್ರೆ ಎದುರಿಗಿಟ್ಟು, ಬೆರಳು ಎತ್ತಿ ಹೇಳಿದರು. "ಈಗ ಕೇಳಿ. ಈ ಜಾಲರಿ ನಿಮ್ಮ ಮೈಗೆ ಹೊಸದು. ಹೊಸದನ್ನ ಕಂಡ್ರೆ ರಕ್ತ ಅಲ್ಲೇ ಹೆಪ್ಪುಗಟ್ಟೋಕೆ ನೋಡತ್ತೆ. ಹೆಪ್ಪುಗಟ್ಟದೆ ಇರೋಕೆ ಈ ಎರಡು ಮಾತ್ರೆ. ಒಂದು ವರ್ಷ, ದಿನಾ, ಒಂದು ದಿನವೂ ತಪ್ಪಿಸೋ ಹಾಗಿಲ್ಲ. ತಪ್ಪಿಸಿದ್ರೆ ಸ್ಟೆಂಟ್ ಒಳಗೇ ಮುಚ್ಚಿಹೋಗತ್ತೆ. ಆಗ ಇಲ್ಲಿಗೆ ಬರೋಷ್ಟು ಹೊತ್ತು ಸಿಗದೆ ಇರ್ಬೋದು."

"ಸರಿ," ಎಂದಳು ಮಕೆರೆತಾ. ಊನೈಸಿ ಅದನ್ನೇ ಮತ್ತೆ ಹೇಳಿಸಿದಳು, ಬಸ್ಸು ಹತ್ತುವ ಮುಂಚೆ ಇನ್ನೊಮ್ಮೆ ಹೇಳಿಸಿದಳು. ಮಾತ್ರೆಯ ಡಬ್ಬಿಯನ್ನು ಮಕ್ಕಳ ಕೈಗೆ ಎಟುಕದ ಅಟ್ಟದ ಮೇಲೆ ಇಡಬೇಕೆಂದೂ ಹೇಳಿದಳು. ಮಿಠಾಯಿಯ ಹಾಗಿರುವ ಆ ಗುಲಾಬಿ ಮಾತ್ರೆಗಳನ್ನು ಮಕ್ಕಳು ಬಾಯಿಗೆ ಹಾಕಿಕೊಂಡರೆ ಎಂಬುದೇ ಅವಳ ಭಯ. ಮಕ್ಕಳ ಕೈಗೇನೋ ಅವು ಸಿಗಲಿಲ್ಲ. ದೊಡ್ಡವರ ಕೈಯ ಬಗ್ಗೆ ಊನೈಸಿ ಯೋಚಿಸಿರಲಿಲ್ಲ.

ಮಕೆರೆತಾಳ ಮೈದುನ ವೈಸಾಕೆ. ಮೈದುನನಾಗುವ ಮೊದಲೇ ಅವನು ಅವಳ ಸೋದರಮಾವನ ಮಗ. ಅಣ್ಣನನ್ನು ಅವಳು ಮದುವೆಯಾದಳು, ತಮ್ಮ ಜೀವನಪೂರ್ತಿ ಗೇಲಿ ಮಾಡುವ ಹಕ್ಕು ಪಡೆದ. ಅವಳು ಆಸ್ಪತ್ರೆಯಿಂದ ಬಂದಾಗ ಊರವರೆಲ್ಲ ಕಣ್ಣೊರೆಸಿಕೊಂಡರೆ ಇವನು ಬಾಗಿಲಲ್ಲೇ, "ಅತ್ತಿಗೆ, ನಿನ್ನ ಎದೇಲಿ ಹೃದಯ ಇತ್ತಂತೆ, ಡಾಕ್ಟ್ರು ಹುಡುಕಿದ್ರಂತೆ! ನಮ್ಮಣ್ಣ ಅಷ್ಟು ವರ್ಷ ಹುಡುಕಿದ್ರೂ ಸಿಕ್ಕಿರ್ಲಿಲ್ಲ," ಎಂದು ಕೂಗಿದ್ದ.

"ನಿನ್ನ ತಲೆ ಒಳಗೂ ಕೊಳವೆ ಬಿಡ್ತಾರೇನೋ ಕೇಳಿದ್ದೆ. ಖಾಲಿ ಜಾಗಕ್ಕೆ ಬಿಟ್ಟು ಏನ್ ಪ್ರಯೋಜನ ಅಂದ್ರು."

ಆದರೆ ಕೆಲವು ದಿನ ಕಳೆದ ಮೇಲೆ, ಮನೆಯಲ್ಲಿ ಯಾರೂ ಇಲ್ಲದಾಗ ಬಂದ. ಗೇಲಿ ಮಾಡಲಿಲ್ಲ. ಕಾಲು ಮಡಚಿ ಕೂತ. ಎದೆಯ ಕೆಳಗೆ ಅಂಗೈ ಒತ್ತಿ ತೋರಿಸಿದ. ಉರಿ, ನೋವು, ಊಟ ಆದ ಮೇಲೂ, ಹಸಿದಾಗಲೂ. ಅಣ್ಣನಿಗೆ ಬಂದದ್ದೇ ತನಗೂ ಬಂದಿದೆ ಎಂದು ಅವನಿಗೆ ಅನುಮಾನವೇ ಇರಲಿಲ್ಲ.

"ಸುವಾಗೆ ಹೋಗಿ ತೋರಿಸ್ಬಾರ್ದಾ?"

"ಹೋದ್ರೆ ಇದೆ ಅಂತಾರೆ. ಇದೆ ಅಂತ ಅವ್ರ ಬಾಯಲ್ಲಿ ಕೇಳಿದ್ರೆ ನಾನು ಅಲ್ಲೇ ಹೋಗ್ಬಿಡ್ತೀನಿ ಅತ್ತಿಗೆ." ತಲೆ ತಗ್ಗಿಸಿದ. ಆಮೇಲೆ, ದನಿ ಇಳಿಸಿ, "ಕೆರೆಕೆರೆ. ನಿನ್ನ ಹೃದಯದ ಮಾತ್ರೇಲಿ ನಂಗೂ ಸ್ವಲ್ಪ."

ಡಾಕ್ಟರ ಬೆರಳು ಅವಳ ಕಣ್ಣೆದುರಿಗೆ ಬಂತು. ಬಂದು ಹೋಯಿತು. ಎದುರಿಗೆ ಕೂತವನು ಗಂಡನ ತಮ್ಮ, ಗಂಡನದೇ ಹಣೆ, ಗಂಡನದೇ ಕಿವಿ. ಒಲೆಯ ಮೇಲೆ ಇದ್ದದ್ದು ಒಬ್ಬರಿಗೆ ಸಾಲುವಷ್ಟೇ ಆದರೂ ಬಂದವರ ಮುಂದೆ ಮುಚ್ಚಳ ಹಾಕಿದ ಹೆಣ್ಣಲ್ಲ ಅವಳು. ಅದೂ ಅಲ್ಲದೆ ಅವಳ ಲೆಕ್ಕ ಅವಳಿಗೆ ಸರಿಯಾಗಿಯೇ ಕಂಡಿತು. ಒಂದು ದಿನ ತಾನು ನುಂಗಿದರೆ ಮರುದಿನ ಅವನು. ಇಬ್ಬರ ಹೃದಯವೂ ಅರ್ಧರ್ಧ ಹೊಟ್ಟೆಯಲ್ಲಿ ಬದುಕಿಕೊಳ್ಳಲಿ. ಬರಗಾಲದಲ್ಲಿ ಊರು ಬದುಕುವುದು ಹಾಗೆಯೇ ಅಲ್ಲವೇ?

ಊನೈಸಿ ದಿನಾ ಸಂಜೆ ಫೋನು ಮಾಡುತ್ತಿದ್ದಳು. "ಮಾತ್ರೆ ತಗೊಂಡ್ಯಾ ಅಮ್ಮಾ?"

"ಹೂಂ."

"ಎರಡೂ?"

"ಹೂಂ ಕಣೇ. ಪಾಪು ಏನ್ ಮಾಡ್ತಿದೆ?"

ಸುಳ್ಳು ಹೇಳುತ್ತಿದ್ದೇನೆಂದು ಮಕೆರೆತಾಳಿಗೆ ಅನ್ನಿಸಲೇ ಇಲ್ಲ. ಕೇಳಿದವರಿಗೆ ಬೇಜಾರಾಗದ ಉತ್ತರ ಕೊಡುವುದು ಮರ್ಯಾದೆ, ಅಷ್ಟೇ. ಮೊದಲ ತಪಾಸಣೆಗೆ ಹೋದಾಗ ಡಾಕ್ಟರಿಗೂ ಅದೇ ಮರ್ಯಾದೆ ತೋರಿಸಿ ಬಂದಳು.

ಒಂದು ಶನಿವಾರ ಬೆಳಿಗ್ಗೆ ವೈಸಾಕೆ ಮರಗೆಣಸಿನ ತೋಟದಲ್ಲಿ ಕಳೆ ಸವರುತ್ತಿದ್ದವನು ಕತ್ತಿ ಜಾರಿ ಮೊಣಕಾಲಿನ ಕೆಳಗೆ ಹೊಡೆದುಕೊಂಡ. ದೊಡ್ಡ ಗಾಯವೇನಲ್ಲ. ಅಂಥ ಗಾಯಕ್ಕೆ ಆ ಊರಿನ ಗಂಡಸರು ಎಲೆ ಜಜ್ಜಿ ಕಟ್ಟಿ ಕೆಲಸ ಮುಂದುವರಿಸುತ್ತಾರೆ. ಇವನೂ ಕಟ್ಟಿದ. ರಕ್ತ ನಿಲ್ಲಲಿಲ್ಲ. ಅಂಗಿ ಬಿಚ್ಚಿ ಬಿಗಿದ, ಅಂಗಿ ತೊಯ್ಯಿತು. ಇಬ್ಬರು ಹೆಗಲು ಕೊಟ್ಟು ಆರೋಗ್ಯ ಕೇಂದ್ರಕ್ಕೆ ತಂದಾಗ ಹಾದಿಯುದ್ದಕ್ಕೂ ಕೆಂಪು ಬೊಟ್ಟು ಬಿದ್ದಿತ್ತು. ಮಕೆರೆತಾ ಬುಟ್ಟಿ ಬಿಟ್ಟು ಓಡಿ ಬಂದಳು.

ಸಿಸ್ಟರ್ ಕಲೇಸಿ ಗಾಯವನ್ನು ಒತ್ತಿ ಹಿಡಿದು, ಹೊಲಿಗೆ ಹಾಕಿ, ಮತ್ತೆ ಒತ್ತಿ ಹಿಡಿದರು. ಬಟ್ಟೆಯ ಮೇಲೆ ಬಟ್ಟೆ ಕೆಂಪಾಯಿತು. ಅವರ ಹುಬ್ಬು ಗಂಟಾಯಿತು.

"ಏನ್ ಮಾತ್ರೆ ತಗೋತಿದ್ದೀಯಾ ವೈಸಾಕೆ?"

"ನಾನಾ? ಏನೂ ಇಲ್ಲ ಸಿಸ್ಟರ್."

"ಸುಳ್ಳು ಹೇಳಿದ್ರೆ ರಕ್ತ ಇಲ್ಲೇ ಖಾಲಿ ಆಗತ್ತೆ. ಇದು ತೆಳುವಾದ ರಕ್ತ. ಏನ್ ನುಂಗ್ತಿದ್ದೀಯಾ?"

ವೈಸಾಕೆ ಅತ್ತಿಗೆಯ ಮುಖ ನೋಡಿದ. ಅತ್ತಿಗೆ ನೆಲ ನೋಡಿದಳು. ಆಮೇಲೆ ಅವಳೇ ಬಾಯಿಬಿಟ್ಟಳು. "ನಂದೇ ಸಿಸ್ಟರ್. ನನ್ನ ಹೃದಯದ್ದು. ದಿನ ಬಿಟ್ಟು ದಿನ."

ಸಿಸ್ಟರ್ ಕೈ ಗಾಯದ ಮೇಲೇ ಇತ್ತು, ಕಣ್ಣು ಮಾತ್ರ ನಿಧಾನಕ್ಕೆ ಎದ್ದು ಮಕೆರೆತಾಳ ಮೇಲೆ ನಿಂತಿತು. "ಅಂದ್ರೆ ಅವನು ತಗೊಂಡ ದಿನ ನೀನು?"

ಮಕೆರೆತಾ ಇಲ್ಲವೆಂದು ತಲೆಯಾಡಿಸಿದಳು.

"ಅಯ್ಯೋ ದೇವರೇ," ಎಂದರು ಸಿಸ್ಟರ್, ಬಯ್ಯುವ ದನಿಯಲ್ಲಲ್ಲ, ಹೆದರಿದ ದನಿಯಲ್ಲಿ. ಆ ದನಿ ಕೇಳಿದ ಮಕೆರೆತಾ ಕುರ್ಚಿ ಎಳೆದು ಕೂತಳು. ಎದೆಯೊಳಗಿನ ಆ ಪುಟ್ಟ ಕೂಳಿ, ಅದರ ಕಣ್ಣು ಕಣ್ಣಿಗೂ ಕಚ್ಚಿಕೊಳ್ಳುತ್ತಿರುವ ಹೆಪ್ಪು, ಎಲ್ಲವೂ ಮೊದಲ ಸಲ ಅವಳಿಗೆ ನಿಜವಾಗಿ ಕಾಣಿಸಿತು. ಈಗ, ಈ ಕ್ಷಣ, ಅದು ಎಷ್ಟು ಮುಚ್ಚಿದೆಯೋ!

ರಕ್ತ ಕೊನೆಗೂ ನಿಂತಿತು. ಅತ್ತಿಗೆ ಮೈದುನ ಇಬ್ಬರನ್ನೂ ಒಂದೇ ಆಂಬುಲೆನ್ಸಿನಲ್ಲಿ ಸುವಾಗೆ ಕಳಿಸಿದರು. ಆಸ್ಪತ್ರೆಯಲ್ಲಿ ಮಕೆರೆತಾಳ ಎದೆಗೆ ತಂತಿಗಳನ್ನು ಅಂಟಿಸಿ, ರಕ್ತ ತೆಗೆದು, ಅತ್ತಿತ್ತ ತಿರುಗಿಸಿ ನೋಡಿದರು. ಊನೈಸಿ ಗೋಡೆಗೆ ಒರಗಿ, ಮಗುವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅದು ಅಳತೊಡಗಿತು. ಡಾಕ್ಟರ್ ಉರ್ಮಿಳಾ ಹೊರಗೆ ಬಂದು, "ಸದ್ಯಕ್ಕೆ ಏನೂ ಆಗಿರೋ ಲಕ್ಷಣ ಇಲ್ಲ. ಈ ಸಲ ತಪ್ಪಿಸಿಕೊಂಡಿದ್ದಾರೆ. ಇನ್ನೊಂದು ಸಲಕ್ಕೆ ನಾನು ಮಾತು ಕೊಡಲ್ಲ," ಎಂದರು.

ಊನೈಸಿ ಒಳಗೆ ಹೋಗಿ ಅಮ್ಮನ ಎದುರಿಗೆ ನಿಂತಳು. ಹೆದರಿಕೆ ಇಳಿದ ಕೂಡಲೇ ಸಿಟ್ಟು ಹತ್ತಿತು.

"ಚಾಪೆ ಕೊಟ್ಟೆ, ಸುಮ್ನಿದ್ದೆ. ಅಪ್ಪನ ದೋಣಿ ಕೊಟ್ಟೆ, ಸುಮ್ನಿದ್ದೆ. ಈಗ ಜೀವನೂ ಹಂಚೋಕೆ ಶುರು ಮಾಡಿದ್ಯಾ?"

"ಕೇಳಿದ್ನಲ್ಲೇ..."

"ಕೇಳಿದ್ರೆ? ಚಿಕ್ಕಪ್ಪ ನಾಳೆ ನಿನ್ನ ಹೃದಯನೇ ಕೇಳ್ತಾನೆ, ಬಿಚ್ಚಿ ಕೊಡ್ತೀಯಾ?"

ಪಕ್ಕದ ಮಂಚದಲ್ಲಿ ಕಾಲಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ವೈಸಾಕೆ ಮೆಲ್ಲಗೆ, "ಬೇಡ, ಅದರೊಳಗೆ ತಂತಿ ಇದೆ," ಎಂದ. ಯಾರೂ ನಗಲಿಲ್ಲ. ಅವನೂ ಗೋಡೆ ಕಡೆ ತಿರುಗಿಕೊಂಡ.

ಊನೈಸಿ ಅಂಗಡಿಗೆ ಹೋಗಿ ಬೀಗವಿರುವ ತಗಡಿನ ಪೆಟ್ಟಿಗೆ ತಂದಳು. ಮಾತ್ರೆ ಇದರಲ್ಲಿ, ಬೀಗದ ಕೈ ಕುತ್ತಿಗೆಯಲ್ಲಿ. ಮಕೆರೆತಾ ಪೆಟ್ಟಿಗೆಯನ್ನು ಮುಟ್ಟಲೂ ಇಲ್ಲ.

"ನನ್ನ ಮನೇಲಿ ಬೀಗ? ಬಂದವ್ರ ಎದುರಿಗೆ ಕುತ್ತಿಗೇಲಿ ಬೀಗದ ಕೈ ನೇತಾಡಿಸ್ಕೊಂಡು ಕೂರ್ಲಾ? ಅದಕ್ಕಿಂತ ನಿಮ್ಮಪ್ಪನ ಪಕ್ಕ ಮಲಗಿಸ್ಬಿಡು."

"ಹಾಗಾದ್ರೆ ಇಲ್ಲ ಅಂತ ಹೇಳೋದು ಕಲಿ."

"ನಂಗ್ಯಾರೂ ಕಲಿಸ್ಲಿಲ್ಲ ಕಣೇ," ಎಂದಳು ಮಕೆರೆತಾ. ಹೇಳಿದ್ದು ನಿಜ. ಊರಿಗೆ ಮರಳುವ ದಾರಿಯಲ್ಲಿ ಬಾಯೊಳಗೇ ಆ ಪದವನ್ನು ಹೊರಳಿಸಿ ನೋಡಿದಳು. ವೈಸಾಕೆ ಇನ್ನು ಕೇಳಲಾರ. ಆದರೆ ಅವನು ನುಂಗುತ್ತಿದ್ದದ್ದು ಈಗ ಊರಿಗೆಲ್ಲ ಗೊತ್ತು, ಅವನ ನೋವು ಹೃದಯದ್ದಲ್ಲ, ಹೊಟ್ಟೆಯದು ಎಂದು ಡಾಕ್ಟರು ಹೇಳಿದ್ದು ಗೊತ್ತಿಲ್ಲ. ಎದೆ ಉರಿದವರು, ಕೈ ಜೋಮು ಹಿಡಿದವರು, ಮೆಟ್ಟಿಲು ಹತ್ತಿ ಏದುಸಿರು ಬಿಟ್ಟವರು ಎಲ್ಲ ಬರುತ್ತಾರೆ. ಪಾದ್ರಿಯ ಹೆಂಡತಿ ಬರುತ್ತಾಳೆ. ಊರ ಹಿರಿಯರ ಅಕ್ಕ ಬರುತ್ತಾಳೆ. ಒಬ್ಬೊಬ್ಬರಿಗೂ ಇಲ್ಲ ಇಲ್ಲ ಎಂದು ಹೇಳುತ್ತಾ ಬದುಕುವುದೇ? ಅವಳ ಬಾಯಿ ಅದಕ್ಕೆ ಬಗ್ಗದು ಎಂಬುದು ಅವಳಿಗೆ ಖಚಿತವಾಗಿತ್ತು. ತನ್ನನ್ನು ತಾನು ಚೆನ್ನಾಗಿ ಬಲ್ಲ ಹೆಂಗಸು. ಬಗ್ಗದ್ದನ್ನು ಬಗ್ಗಿಸಲು ಹೋಗದೆ ಬೇರೆ ದಾರಿ ನೋಡಿದಳು.

ಸೋಮವಾರ ಊರಿನ ಸಭೆ. ಯಂಗೋನಾದ ದೊಡ್ಡ ಮರದ ಬಟ್ಟಲಿನ ಸುತ್ತ ಗಂಡಸರು, ಬಾಗಿಲ ಬಳಿ ಹೆಂಗಸರು. ಚರಂಡಿ, ಶಾಲೆಯ ಬೇಲಿ, ಯಾರದೋ ಹಂದಿ ಯಾರದೋ ಗೆಣಸು ತಿಂದದ್ದು ಎಲ್ಲ ಮುಗಿದ ಮೇಲೆ ಊರ ಹಿರಿಯ ಇಲೈತಿಯಾ, "ಇನ್ಯಾರಿಗಾದ್ರೂ ಮಾತಿದ್ಯಾ?" ಎಂದರು. ಬಾಗಿಲ ಕಡೆಯಿಂದ ಮಕೆರೆತಾ ಮೊಣಕಾಲ ಮೇಲೆ ತೆವಳಿ ಮುಂದೆ ಬಂದಳು. ಒಣಗಿದ ಯಂಗೋನಾ ಬೇರಿನ ಕಟ್ಟೊಂದನ್ನು ಚಾಪೆಯ ಮೇಲಿಟ್ಟಳು. ಆ ಕಟ್ಟು ಇಟ್ಟರೆ ದೊಡ್ಡದೇನನ್ನೋ ಕೇಳುತ್ತಾರೆಂದು ಅರ್ಥ.

"ದೊಡ್ಡವ್ರ ಮುಂದೆ ಮಾತಾಡೋ ಯೋಗ್ಯತೆ ಈ ಬಾಯಿಗಿಲ್ಲ," ಎಂದು ಶುರು ಮಾಡಿದಳು. ಹಾಗೇ ಶುರು ಮಾಡಬೇಕು. "ಆದ್ರೂ ಕೇಳ್ತೀನಿ. ಈ ಊರಿಗೆ ಸೊಸೆಯಾಗಿ ಬಂದ ಮೇಲೆ ನಾನು ಯಾರನ್ನ ಏನು ಕೇಳಿದ್ದೀನಿ, ನೀವೇ ಹೇಳಿ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೆನಪು ಮಾಡಿಕೊಳ್ಳಲು ಹೋದರೆ ಎಲ್ಲರಿಗೂ ಅವಳು ಕೊಟ್ಟದ್ದೇ ಸಿಗುತ್ತಿತ್ತು.

"ಇವತ್ತು ಕೇಳ್ತೀನಿ. ನನ್ನ ಎದೇಲಿ ಒಂದು ಜಾಲರಿ ಇಟ್ಟಿದ್ದಾರೆ. ಅದು ಮುಚ್ಚದೆ ಇರ್ಬೇಕಾದ್ರೆ ದಿನಾ ಮಾತ್ರೆ ನುಂಗ್ಬೇಕು, ಒಂದು ದಿನ ಬಿಟ್ರೂ ನಾನು ನನ್ನ ಗಂಡನ ಹಾದಿ. ನೀವು ಬಂದು ಕೇಳಿದ್ರೆ ಕೊಡದೆ ಇರೋಕೆ ನನ್ನ ಕೈಲಾಗಲ್ಲ. ಅದು ನಿಮಗೂ ಗೊತ್ತು. ಅದಕ್ಕೆ ನಾನೇ ಮೊದಲು ಕೇಳ್ತಿದ್ದೀನಿ." ತಲೆ ತಗ್ಗಿಸಿ, ದನಿ ಇಳಿಸಿದಳು. "ಕೆರೆಕೆರೆ. ನನ್ನ ಮನೇಲಿರೋದು ಏನ್ ಬೇಕಾದ್ರೂ ಕೇಳಿ. ಆ ಮಾತ್ರೆ ಒಂದನ್ನ ಕೇಳ್ಬೇಡಿ."

ಕೆರೆಕೆರೆ ಎಂದು ಕೇಳಿದ ಮೇಲೆ ಇಲ್ಲ ಎನ್ನುವುದು ಅಲ್ಲಿ ಕೂತ ಯಾರಿಗೂ ಬಾರದ ವಿದ್ಯೆ. ಇಲೈತಿಯಾ ಬೇರಿನ ಕಟ್ಟನ್ನು ನೋಡಿದರು, ಮಕೆರೆತಾಳನ್ನು ನೋಡಿದರು. ಆಮೇಲೆ ಮುಂದೆ ಬಾಗಿ ಕಟ್ಟನ್ನು ಎರಡೂ ಕೈಯಲ್ಲಿ ಮುಟ್ಟಿ, ಅಂಗೈಗಳನ್ನು ಕುಳಿ ಮಾಡಿ ಚಪ್ಪಾಳೆ ತಟ್ಟಿದರು, ಗಂಭೀರವಾಗಿ, ಟೊಳ್ಳು ಮರ ಬಡಿದ ಸದ್ದಿನ ಹಾಗೆ. ಸಭೆ ಇಡೀ ತಟ್ಟಿತು. ಒಪ್ಪಿಗೆಯಾಯಿತು.

ಕೋಲೂರಿ ಕೂತಿದ್ದ ವೈಸಾಕೆಯಿಂದ ಇನ್ನು ತಡೆಯಲಾಗಲಿಲ್ಲ. "ಜೀವಮಾನದಲ್ಲಿ ಅತ್ತಿಗೆ ಒಂದೇ ಒಂದು ಸಲ ಕೇಳಿದ್ದು. ಅದೂ ಏನು? ಕೇಳ್ಬೇಡಿ ಅಂತ!"

ನಗು ಒಡೆಯಿತು. ನಗುವಿನ ನಡುವೆ ಪಾದ್ರಿಯ ಹೆಂಡತಿ ಕೆಮ್ಮಿ, ಟೋಪಿ ಸರಿಮಾಡಿಕೊಂಡು, "ಹಾಗಾದ್ರೆ... ನಾನು ಇಲೈತಿಯಾ ಅವ್ರಿಗೆ ಕೊಡ್ತಿರೋ ಬಿಪಿ ಮಾತ್ರೆ?" ಎಂದರು. ಇಲೈತಿಯಾ ಅವರ ಮುಖ ಕೆಂಪಗಾಯಿತು. ಸೊಂಟಕ್ಕೆ ಸುತ್ತಿದ ಸುಲು ಬಟ್ಟೆಯ ಜೇಬಿನಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ಚಾಪೆಯ ಮೇಲಿಟ್ಟರು. ಹಿರಿಯರೇ ಇಟ್ಟ ಮೇಲೆ ಇನ್ನೇನು? ಒಬ್ಬಳು ನಾದಿನಿಯಿಂದ ಪಡೆದ ಸಕ್ಕರೆ ಕಾಯಿಲೆಯ ಮಾತ್ರೆ ತಂದಳು. ಒಬ್ಬ, ಸತ್ತ ಅಜ್ಜನದು ವ್ಯರ್ಥವಾಗಬಾರದೆಂದು ನುಂಗುತ್ತಿದ್ದ ಅದೇನೋ ಹಸಿರು ಗುಳಿಗೆ ತಂದ. ಬಿಳಿ, ಹಳದಿ, ಗುಲಾಬಿ. ಮದುವೆ ಮನೆಯ ಉಡುಗೊರೆಯಂತೆ ಚಾಪೆಯ ಮೇಲೆ ರಾಶಿ ಬೆಳೆಯಿತು. ಕರೆಸಿಕೊಂಡ ಸಿಸ್ಟರ್ ಕಲೇಸಿ ಬಾಗಿಲಲ್ಲಿ ನಿಂತು ನೋಡಿ, ಅಲ್ಲೇ ಕುಸಿದು ಕೂತು, "ನಿಮ್ಮನ್ನೆಲ್ಲ ಇಷ್ಟು ದಿನ ದೇವರೇ ಕಾಪಾಡಿದ್ದು, ನಾನಲ್ಲ," ಎಂದರು. ಆಮೇಲೆ ತೋಳೇರಿಸಿ ಒಂದೊಂದನ್ನೂ ಬೇರೆ ಮಾಡತೊಡಗಿದರು. ರಜೆ ಹಾಕಿ ಅಮ್ಮನ ಜೊತೆ ಊರಿಗೆ ಬಂದಿದ್ದ ಊನೈಸಿ ಮಕ್ಕಳು ಹತ್ತಿರ ಸುಳಿಯದಂತೆ ಕಾವಲು ನಿಂತಳು. ಶಾಲೆಯಲ್ಲಿ ಬಳಸುವ ದನಿಯನ್ನೇ ಅಲ್ಲೂ ಬಳಸಿದಳು, ದೊಡ್ಡವರೂ ಹೆದರಿ ಹಿಂದೆ ಸರಿದರು.

ಮುಂದಿನ ತಪಾಸಣೆಗೆ ಅತ್ತಿಗೆ ಮೈದುನ ಒಟ್ಟಿಗೇ ಸುವಾ ಬಸ್ಸು ಹತ್ತಿದರು. ವೈಸಾಕೆಯ ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡುವುದಿತ್ತು. ಹೊಟ್ಟೆಯ ಹುಣ್ಣು ಇರಬಹುದು, ಹೃದಯದ ಮಾತ್ರೆ ಅದಕ್ಕೆ ಉರಿಯುವ ಬೆಂಕಿಗೆ ಎಣ್ಣೆ ಹುಯ್ದ ಹಾಗೆ ಎಂದು ಡಾಕ್ಟರು ಆಗಲೇ ಹೇಳಿದ್ದರು. ಹೃದಯವಲ್ಲ ಎಂದು ಕೇಳಿದಾಗಿನಿಂದ ಅವನಿಗೆ ಹತ್ತು ವರ್ಷ ಕಡಿಮೆಯಾದಂತಿತ್ತು.

"ಅತ್ತಿಗೆ, ಕಿಟಕಿ ಪಕ್ಕ ನಂಗೆ. ಕೆರೆಕೆರೆ."

ಮಕೆರೆತಾ ಎದ್ದು ಜಾಗ ಬಿಟ್ಟುಕೊಟ್ಟಳು.

"ಆ ಪೊಟ್ಟಣದಲ್ಲೇನು? ಬೇಯಿಸಿದ ಮೀನಾ? ಕೆರೆಕೆರೆ."

ಕೊಟ್ಟಳು. ಕೆಸುವಿನ ಗಡ್ಡೆಯ ತುಂಡು ಕೊಟ್ಟಳು, ಬೀಸಣಿಗೆ ಕೊಟ್ಟಳು, ಕಾಲು ಚಾಚಲು ತನ್ನ ಚೀಲದ ಮೇಲೆ ಜಾಗವನ್ನೂ ಕೊಟ್ಟಳು. ಬಸ್ಸು ಸೇತುವೆ ದಾಟುವ ಹೊತ್ತಿಗೆ ಮಾತ್ರೆಯ ಹೊತ್ತಾಯಿತು. ಡಬ್ಬಿ ತೆಗೆದಳು. ಬಾಯಿ ತುಂಬ ಮೀನಿದ್ದ ವೈಸಾಕೆ ಅಗಿಯುವುದನ್ನು ನಿಲ್ಲಿಸಿದ. ಕತ್ತನ್ನು ಪೂರ್ತಿ ಕಿಟಕಿಯ ಕಡೆಗೆ ತಿರುಗಿಸಿ, ಅವಳು ಎರಡೂ ಮಾತ್ರೆ ನುಂಗಿ, ನೀರು ಕುಡಿದು, ಮುಚ್ಚಳ ತಿರುಗಿಸಿದ ಸದ್ದು ಕೇಳುವವರೆಗೂ ಹೊರಗೆ ನೋಡುತ್ತಲೇ ಕೂತ.